ಕಪ್ಪತಗುಡ್ಡದಲ್ಲಿ ಒಂದು ದಿನದ ಚಾರಣ: ಡೋಣಿ ಕಡೆಯ ತಂಡವೊಂದರ ಸೇವೆಯ ವಿಮರ್ಶೆ

ಹುಬ್ಬಳ್ಳಿ, ಧಾರವಾಡ, ಗದಗ ಊರುಗಳ ಜನರಿಗೆ ಕಪ್ಪತಗುಡ್ಡ ತೀರ ಹತ್ತಿರದ ಕಾಡು. ಹುಬ್ಬಳ್ಳಿಯಿಂದ ಗದಗಕ್ಕೆ ಸುಮಾರು 60 ಕಿಲೋಮೀಟರ್. ಅಲ್ಲಿಂದ ಮುಂಡರಗಿ ಹಾದಿ ಹಿಡಿದು ಡಂಬಳ ದಾಟಿದರೆ ಡೋಣಿ, ಡೋಣಿಯ ಬೆನ್ನಿಗೇ ಗುಡ್ಡ. ಮಳೆಗಾಲ ಶುರುವಾದೊಡನೆ ಈ ಹಾದಿಯಲ್ಲಿ ವಾಹನಗಳು ಸಾಲುಗಟ್ಟುತ್ತವೆ, ಗುಡ್ಡವನ್ನು ತೋರಿಸುತ್ತೇವೆ ಎನ್ನುವ ತಂಡಗಳೂ ಹುಟ್ಟಿಕೊಳ್ಳುತ್ತವೆ. ಅವುಗಳ ಪೈಕಿ ಗುಡ್ಡದಡಿಯ ಹಳ್ಳಿಗಳ ಕೆಲವು ಯುವಕರು ಮತ್ತು ಒಬ್ಬಿಬ್ಬರು ಹಿರಿಯರು ಸೇರಿ ನಡೆಸುವ ಒಂದು ದಿನದ ಚಾರಣದ ಬಗ್ಗೆ ಈ ಬರಹ. ಇವರಿಗೆ ಫಲಕವಿಲ್ಲ, ಇಟ್ಟುಕೊಂಡ ಹೆಸರೂ ಇಲ್ಲ; ಹೋಗಿ ಬಂದವರ ಬಾಯಿಮಾತೇ ಇವರ ಪ್ರಚಾರ. ಮನೆಯ ಹಿರಿಯರನ್ನೂ ಮಕ್ಕಳನ್ನೂ ಕರೆದುಕೊಂಡು ನಾನು ಇವರೊಂದಿಗೆ ನಡೆದಿದ್ದೇನೆ. ಅಭಯಾರಣ್ಯದೊಳಗೆ ಇಂಥ ಸೇವೆ ಹೇಗಿರಬೇಕು ಎಂದು ನಾನು ಬಯಸುತ್ತೇನೋ ಬಹುಮಟ್ಟಿಗೆ ಹಾಗೆಯೇ ಇದೆ. ಕೊರತೆಗಳೂ ಇವೆ, ಅವನ್ನೂ ಹೇಳುತ್ತೇನೆ.

ನನ್ನ ಅಳತೆಗೋಲನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಪೇಟೆಯ ಹೋಟೆಲನ್ನು ನಾವು ಅಲ್ಲಿ ಏನೇನು ಸಿಗುತ್ತದೆ ಎಂಬುದರಿಂದ ಅಳೆಯುತ್ತೇವೆ. ಅಭಯಾರಣ್ಯದಲ್ಲಿ ಚಾರಣ ನಡೆಸುವವರನ್ನು, ಹಣ ಕೊಟ್ಟ ಗಿರಾಕಿ ಎಷ್ಟೇ ಕೇಳಿದರೂ ಅವರು ಯಾವ ಯಾವುದಕ್ಕೆ ಒಪ್ಪುವುದಿಲ್ಲ ಎಂಬುದರಿಂದ ಅಳೆಯಬೇಕು ಎಂಬುದು ನನ್ನ ನಂಬಿಕೆ. ಈ ತಂಡ ಒಪ್ಪದ ಸಂಗತಿಗಳು ಬಹಳ. ಬೆಂಕಿ ಹಾಕಲು ಬಿಡುವುದಿಲ್ಲ, ಹಾಡು ಹಾಕಲು ಬಿಡುವುದಿಲ್ಲ, ಕತ್ತಲಾದ ಮೇಲೆ ಗುಡ್ಡದಲ್ಲಿ ಇರಗೊಡುವುದಿಲ್ಲ, ದೊಡ್ಡ ಗುಂಪನ್ನು ಒಯ್ಯುವುದಿಲ್ಲ. ಹೋಳಿ ಹುಣ್ಣಿಮೆಯ ಹೊತ್ತಿನಿಂದ ಮುಂಗಾರಿನ ಮೊದಲ ಮಳೆ ಬೀಳುವವರೆಗೆ ಚಾರಣವನ್ನೇ ನಿಲ್ಲಿಸಿಬಿಡುತ್ತಾರೆ. ಪರೀಕ್ಷೆ ಮುಗಿದು ಮಕ್ಕಳಿಗೆ ರಜೆ ಸಿಗುವುದು ಆ ತಿಂಗಳುಗಳಲ್ಲೇ, ಹೆಚ್ಚಿನ ಗಿರಾಕಿಗಳು ಕೇಳುವುದೂ ಆಗಲೇ. ಅದನ್ನು ಬಿಟ್ಟುಕೊಟ್ಟು ಕೂರುವುದು ಸಣ್ಣ ಮಾತಲ್ಲ.

ಅನುಮತಿಯ ವಿಷಯದಲ್ಲಿ ಇವರು ಕಟ್ಟುನಿಟ್ಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಯಾರು ಬೇಕಾದರೂ ಹೋಗಿಬರುವಂತಿಲ್ಲ. ಪ್ರವಾಸಕ್ಕೂ ಛಾಯಾಗ್ರಹಣಕ್ಕೂ 28ನೇ ಕಲಮಿನಡಿ ಪರವಾನಗಿ ಬೇಕು. ಬೆಂಕಿ ಹಚ್ಚುವುದನ್ನು 30ನೇ ಕಲಮು ನಿಷೇಧಿಸುತ್ತದೆ. ಒಂದು ಬೇರನ್ನೋ ಕಾಯನ್ನೋ ಅಪ್ಪಣೆಯಿಲ್ಲದೆ ಕಿತ್ತುಕೊಂಡು ಬರುವುದು 29ನೇ ಕಲಮಿನ ವ್ಯಾಪ್ತಿಗೆ ಬರುತ್ತದೆ. ಬರುವವರೆಲ್ಲರ ಹೆಸರನ್ನೂ ಗುರುತಿನ ಚೀಟಿಯನ್ನೂ ತಂಡದವರು ಮುಂಚಿತವಾಗಿ ತರಿಸಿಕೊಂಡು ಅರಣ್ಯ ಇಲಾಖೆಗೆ ಸಲ್ಲಿಸುತ್ತಾರೆ, ಹೊರಡುವ ಮುನ್ನ ಪರವಾನಗಿಯನ್ನು ಎಲ್ಲರಿಗೂ ತೋರಿಸುತ್ತಾರೆ. ಹಿಂದಿನ ವರ್ಷ ನಮ್ಮ ಪರಿಚಯದವರು ದೂರದ ಪೇಟೆಯೊಂದರ ತಂಡದ ಜೊತೆ ಇದೇ ಗುಡ್ಡಕ್ಕೆ ಹೋಗಿದ್ದರು. ಅಲ್ಲಿ ಪರವಾನಗಿಯ ಮಾತೇ ಇರಲಿಲ್ಲ. ಬಸ್ಸಿನ ತುಂಬ ಜನ, ಸ್ಪೀಕರ್, ಹಿಂತಿರುಗುವಾಗ ಗಿಡದ ಬುಡದಲ್ಲಿ ತಟ್ಟೆ ಬಾಟಲಿಗಳ ರಾಶಿ. ಹಣ ಕೊಡುವ ಮೊದಲು ಪರವಾನಗಿ ಯಾರ ಹೆಸರಿನಲ್ಲಿದೆ ಎಂದು ಕೇಳುವುದನ್ನು ಓದುಗರು ರೂಢಿ ಮಾಡಿಕೊಳ್ಳಬೇಕು. ಹಾಗೆ ಕೇಳುವವರು ಹೆಚ್ಚಿದರೆ ಅಂಥ ತಂಡಗಳು ಕಡಿಮೆಯಾಗುತ್ತವೆ.

ಇನ್ನು ನಡಿಗೆ. ಬೆಳಕು ಹರಿಯುವ ಹೊತ್ತಿಗೆ ಗುಡ್ಡದ ಬುಡದಲ್ಲಿ ಸೇರಬೇಕೆಂಬ ನಿಯಮವಿದೆ. ಹುಬ್ಬಳ್ಳಿಯಿಂದ ಹೋಗುವವರು ಅದಕ್ಕಾಗಿ ನಸುಕಿನಲ್ಲೇ ಹೊರಡಬೇಕಾಗುತ್ತದೆ. ಹಿಂದಿನ ಸಂಜೆಯೇ ಗದಗಕ್ಕೆ ಹೋಗಿ ತಂಗುವುದು ಸುಲಭ. ನಡೆಯುವ ದೂರ ಹೆಚ್ಚೇನೂ ಇಲ್ಲ. ಸಹ್ಯಾದ್ರಿಯ ಕಡಿದಾದ ಏರುಗಳನ್ನು ಹತ್ತಿ ಬಂದವರಿಗೆ ಇದು ಸಪ್ಪೆ ಎನಿಸಲೂಬಹುದು. ಆದರೆ ಈ ತಂಡ ನಡೆಸುವುದು ನಿಧಾನಕ್ಕೆ, ಪ್ರತಿ ತಿರುವಿನಲ್ಲೂ ನಿಲ್ಲಿಸಿ. ನಮ್ಮ ಜೊತೆ ಬಂದ ಹಿರಿಯ ಮಾರ್ಗದರ್ಶಿ ಕುರಿ ಕಾಯುತ್ತ ಬೆಳೆದವರು. ಇಲ್ಲಿನ ಹುಲ್ಲು, ಕಲ್ಲು, ನೀರಿನ ಜಾಡು ಅವರಿಗೆ ಮನೆಯಂಗಳದಷ್ಟು ಪರಿಚಿತ. ಹಾದಿ ಬಳಸುತ್ತದೆ ಎಂದು ನಮ್ಮಲ್ಲೊಬ್ಬರು ನೇರವಾಗಿ ಇಳಿಜಾರಿಗೆ ಕಾಲಿಟ್ಟಾಗ ಅವರು ತಡೆದು, "ಹಂಗ ಇಳೀಬ್ಯಾಡ್ರಿ ಯಪ್ಪಾ, ನೀವು ಇಳಿದ ದಾರೀಲೇ ನಾಳೆ ಮಳಿನೀರೂ ಇಳಿತೈತಿ" ಎಂದರು.

ಆ ಒಂದು ಮಾತಿನಲ್ಲಿ ಕಪ್ಪತಗುಡ್ಡದ ಅರ್ಧ ಕಥೆಯಿದೆ. ಈ ಭಾಗದಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿನ ಆಸುಪಾಸು. ಅದೂ ಹದವಾಗಿ ಸುರಿಯದೆ ಕೆಲವೇ ದಿನಗಳಲ್ಲಿ ರಭಸದಿಂದ ಹೊಡೆದು ಹೋಗುವುದುಂಟು. ಗುಡ್ಡದ ಮೇಲಿನ ಮಣ್ಣಿನ ಪದರ ತೆಳು, ಕೆಳಗೆ ಬರೀ ಬಂಡೆ. ಹುಲ್ಲಿನ ಬೇರು ಆ ತೆಳು ಮಣ್ಣನ್ನು ಹಿಡಿದಿಟ್ಟು, ಹನಿಯ ಹೊಡೆತವನ್ನು ತಡೆದು, ನೀರು ಬಂಡೆಯ ಸೀಳುಗಳಿಗೆ ಇಂಗುವಷ್ಟು ಹೊತ್ತು ಅದನ್ನು ನಿಲ್ಲಿಸಿಕೊಳ್ಳುತ್ತದೆ. ಎಲ್ಲಿ ಹುಲ್ಲು ತುಳಿದು ಸವೆದು ಹೋಯಿತೋ ಅಲ್ಲಿ ಮೊದಲು ಕಾಲುದಾರಿ, ಮರುವರ್ಷ ಕೊರಕಲು, ಅದರ ಮರುವರ್ಷ ಹಳ್ಳವೇ ಆಗುತ್ತದೆ. ಅಲ್ಲಿಂದ ಜಾರಿದ ಕೆಮ್ಮಣ್ಣು ತಪ್ಪಲಿನ ಕೆರೆಗಳಿಗೆ ಹೂಳಾಗಿ ಸೇರುತ್ತದೆ. ಬೇಸಿಗೆಯ ಬೆಂಕಿಯೂ ಮಾಡುವುದು ಇದನ್ನೇ. ಒಣಗಿ ನಿಂತ ಕರಡಕ್ಕೆ ಒಂದು ಬೀಡಿಯ ತುಂಡು ತಾಗಿದರೆ ಸಾಕು, ಒಂದಿಡೀ ಓರೆ ಬೋಳಾಗುತ್ತದೆ, ಮುಂದೆ ಬೀಳುವ ಮೊದಲ ಅಡ್ಡಮಳೆಗೆ ಮಣ್ಣು ತಡೆಯಿಲ್ಲದೆ ಕೊಚ್ಚಿಹೋಗುತ್ತದೆ. ತಂಡ ಬೇಸಿಗೆಯಲ್ಲಿ ಚಾರಣ ನಿಲ್ಲಿಸುವ ಕಾರಣ ನನಗೆ ಪೂರ್ತಿ ಮನವರಿಕೆಯಾದದ್ದು ಆ ಇಳಿಜಾರಿನಲ್ಲಿ ನಿಂತಾಗಲೇ.

ಸಸ್ಯಗಳನ್ನು ತೋರಿಸುವ ರೀತಿಯೂ ಮೆಚ್ಚುವಂಥದು. ಕಪ್ಪತಗುಡ್ಡ ಎಂದರೆ ಔಷಧಿ ಸಸ್ಯಗಳ ಕಣಜ ಎಂಬ ಮಾತು ನಮ್ಮ ಭಾಗದಲ್ಲಿ ಮನೆಮಾತು. ಅದರಿಂದಾಗಿಯೇ ಬಂದವರಲ್ಲಿ ಹಲವರು ಮಧುನಾಶಿನಿ ಎಲ್ಲಿದೆ, ಅಮೃತಬಳ್ಳಿ ಎಲ್ಲಿದೆ ಎಂದು ಕೇಳುತ್ತ ಚೀಲ ಬಿಚ್ಚುತ್ತಾರೆ. ತಂಡದವರು ಗಿಡವನ್ನು ತೋರಿಸಿ, ಎಲೆಯ ವಾಸನೆ ನೋಡಲು ಬಾಗಿ ನಿಲ್ಲಿರಿ ಎನ್ನುತ್ತಾರೆಯೇ ಹೊರತು ಕೀಳಲು ಬಿಡುವುದಿಲ್ಲ. ಬೇರು ಕಿತ್ತು ಮಾರುವವರ ಹಾವಳಿ ಇರುವ ಕೆಲವು ಸಸ್ಯಗಳ ಬಳಿಗೆ ಕರೆದೊಯ್ಯುವುದೇ ಇಲ್ಲ, ಛಾಯಾಚಿತ್ರದ ಜೊತೆ ಸ್ಥಳವನ್ನು ಜಾಲತಾಣದಲ್ಲಿ ಹಾಕಬಾರದೆಂದೂ ಮೊದಲೇ ಹೇಳಿರುತ್ತಾರೆ. ದಿಂಡಿಗ, ಕಗ್ಗಲಿ, ತಂಗಡಿ, ಬಂದರಿಕೆ, ಕವಳಿ, ಕಾರಿ: ಇವೆಲ್ಲ ಇಲ್ಲಿನ ಕುರುಚಲು ಕಾಡಿನ ನಿತ್ಯದ ಗಿಡಗಳು. ಇವುಗಳಿಗೆ ಅವರು ಕೊಡುವ ಗಮನ ಅಪರೂಪದ ಮೂಲಿಕೆಗಳಿಗೆ ಕೊಡುವಷ್ಟೇ ಇದೆ. ಎಲೆ ಉದುರಿದ ಕಾಡನ್ನು ಸತ್ತ ಕಾಡೆಂದು ತಿಳಿಯುವ ಪೇಟೆಯ ಕಣ್ಣಿಗೆ ಈ ಪಾಠ ಬಹಳ ಅಗತ್ಯವಾಗಿತ್ತು.

ಹುಲ್ಲುಗಾವಲಿನ ಬಗ್ಗೆ ಅವರು ಹೇಳಿದ್ದು ಇನ್ನೂ ಮುಖ್ಯ. ಮರವಿಲ್ಲದ ಗುಡ್ಡ ಕಂಡೊಡನೆ ಸಸಿ ನೆಡಬೇಕೆನ್ನುವ ಒಳ್ಳೆಯ ಮನಸ್ಸಿನವರು ನಮ್ಮಲ್ಲಿ ಬಹಳ. ಆದರೆ ತೋಳಕ್ಕೂ ನರಿಗೂ ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳಿಗೂ ಬಯಲು ಬಯಲಾಗಿಯೇ ಇರಬೇಕು. ನೆರೆಯ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ 1974ರಲ್ಲಿ ಘೋಷಿಸಿದ ಕೃಷ್ಣಮೃಗ ಅಭಯಾರಣ್ಯದ ಬಹುಭಾಗದಲ್ಲಿ ನೀಲಗಿರಿ ನೆಡುತೋಪು ಹಬ್ಬಿದೆ. ಬಯಲನ್ನು ಬಯಸುವ ಪ್ರಾಣಿಗೆ ತೋಪಿನ ನಡುವೆ ಎಷ್ಟು ಜಾಗ ಉಳಿಯುತ್ತದೆ ಎಂಬುದನ್ನು ಅಲ್ಲಿ ಹೋದವರು ನೋಡಬಹುದು. ಕಪ್ಪತಗುಡ್ಡದಲ್ಲಿ ತೋಳ, ಕತ್ತೆಕಿರುಬ, ಚಿರತೆ, ನರಿ, ನವಿಲು ಎಲ್ಲವೂ ಇವೆ. ಆದರೆ ಯಾವುದನ್ನೂ ತೋರಿಸುತ್ತೇವೆಂದು ಈ ತಂಡ ಮಾತು ಕೊಡುವುದಿಲ್ಲ. ಬಿಲದ ಹತ್ತಿರ, ಮರಿಗಳಿರುವ ಜಾಗದ ಹತ್ತಿರ ಯಾರನ್ನೂ ಬಿಡುವುದಿಲ್ಲ. ನಮಗೆ ಕಂಡದ್ದು ಹೆಜ್ಜೆಗುರುತು, ಎಲುಬಿನ ಚೂರಿನಿಂದ ಬೆಳ್ಳಗಾಗಿದ್ದ ಕತ್ತೆಕಿರುಬದ ಲದ್ದಿ, ದೂರದ ಓರೆಯಲ್ಲಿ ನವಿಲುಗಳು. ಪ್ರಾಣಿ ಕಾಣಲಿಲ್ಲವೆಂದು ಬೇಸರಪಡುವವರು ಈ ಚಾರಣಕ್ಕೆ ಬರಬಾರದು. ಗದಗದ ಬಿಂಕದಕಟ್ಟಿಯಲ್ಲಿ ಮೃಗಾಲಯವಿದೆ.

ಮಕ್ಕಳಿಗೆ ಅತ್ಯಂತ ಹಿಡಿಸಿದ್ದು ಕಲ್ಲು. ಗದಗದ ಈ ಶಿಲಾಪಟ್ಟಿ ಭೂವಿಜ್ಞಾನಿಗಳು ಧಾರವಾಡ ಶಿಲೆಗಳೆಂದು ಕರೆಯುವ ಸಮೂಹಕ್ಕೆ ಸೇರಿದ್ದು. ಅವುಗಳ ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಕೆಂಪು ಮತ್ತು ಕಪ್ಪು ಪದರಗಳು ಒಂದರ ಮೇಲೊಂದು ಬಂದಿರುವ ಕಬ್ಬಿಣದ ಕಲ್ಲಿಗೆ ಮಾರ್ಗದರ್ಶಿ ಜೇಬಿನಿಂದ ಪುಟ್ಟ ಅಯಸ್ಕಾಂತವೊಂದನ್ನು ತೆಗೆದು ತಾಗಿಸಿದರು, ಅದು ಅಂಟಿಕೊಂಡಿತು. ಅನಂತರ ಬಿಳಿಗಲ್ಲಿನ ಎಳೆಯೊಂದನ್ನು ತೋರಿಸಿ, ಚಿನ್ನ ಹುಡುಕುವವರು ನೋಡುವುದು ಇಂಥ ಎಳೆಗಳನ್ನೇ ಎಂದರು. ಗುಡ್ಡಕ್ಕೆ ಬಂದೊದಗಿದ ಕಷ್ಟಗಳಿಗೆಲ್ಲ ಮೂಲ ಈ ಎರಡು ಕಲ್ಲುಗಳಲ್ಲೇ ಇದೆ.

ಊಟದ ಹೊತ್ತಿಗೆ ಮರದ ನೆರಳಿನಲ್ಲಿ ಕುಳಿತು ಅವರು ಆ ಕಷ್ಟಗಳ ಇತಿಹಾಸ ಹೇಳುತ್ತಾರೆ. ಹೇಳುವವರು ಅದನ್ನು ಕಂಡವರೇ ಆದ್ದರಿಂದ ಈ ಭಾಗ ಇಡೀ ದಿನದಲ್ಲಿ ಹೆಚ್ಚು ಬೆಲೆಬಾಳುವಂಥದು. 2010ರಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಸರ್ಕಾರದೊಂದಿಗೆ ಒಪ್ಪಂದವಾಗಿ, ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಸುತ್ತಲಿನ ಕೃಷಿಭೂಮಿಯನ್ನು ಸ್ವಾಧೀನಪಡಿಸಿಕೊಳ್ಳುವ ಯತ್ನ ನಡೆಯಿತು. ಗದಗದ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮೀಜಿ ರೈತರ ಮುಂದೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಹಿಂದೆ ಸರಿಯಿತು, 2013ರಲ್ಲಿ ಕಂಪನಿಯೂ ಯೋಜನೆಯನ್ನು ಕೈಬಿಟ್ಟಿತು. 2015ರ ಡಿಸೆಂಬರಿನಲ್ಲಿ ಕಪ್ಪತಗುಡ್ಡದ ಸುಮಾರು 178 ಚದರ ಕಿಲೋಮೀಟರ್ ಪ್ರದೇಶವನ್ನು ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಒಂದು ವರ್ಷ ತುಂಬುವುದರೊಳಗೆ, 2016ರ ನವೆಂಬರಿನಲ್ಲಿ, ಅದೇ ಆದೇಶವನ್ನು ಹಿಂತೆಗೆದುಕೊಳ್ಳಲಾಯಿತು. ಚಿನ್ನದ ಗಣಿಗಾರಿಕೆಗೆ ಬಾಗಿಲು ತೆರೆಯುವುದಕ್ಕಾಗಿಯೇ ಹೀಗೆ ಮಾಡಲಾಗಿದೆ ಎಂದು ಜನ ಬೀದಿಗಿಳಿದರು. 2017ರ ಫೆಬ್ರುವರಿಯಲ್ಲಿ ಗದಗದಲ್ಲಿ ಅಹೋರಾತ್ರಿ ಧರಣಿ ನಡೆಯಿತು. ಸ್ವಾಮೀಜಿಯವರ ಜೊತೆಗೆ ಧಾರವಾಡದ ಎಸ್. ಆರ್. ಹಿರೇಮಠರೂ ಇದ್ದರು. ಅದೇ ವರ್ಷ ಏಪ್ರಿಲಿನಲ್ಲಿ ಮೀಸಲು ಸ್ಥಾನ ಮರಳಿ ಸಿಕ್ಕಿತು. 2019ರ ಮೇ ತಿಂಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ 244.15 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿ ಅಭಯಾರಣ್ಯವಾಯಿತು. ಸಿದ್ಧಲಿಂಗ ಸ್ವಾಮೀಜಿ 2018ರ ಅಕ್ಟೋಬರಿನಲ್ಲೇ ಲಿಂಗೈಕ್ಯರಾಗಿದ್ದರು. ಆ ದಿನವನ್ನು ಅವರು ಕಾಣಬೇಕಿತ್ತು.

ಈ ಸಂಗತಿಗಳೆಲ್ಲ ಪತ್ರಿಕೆಗಳಲ್ಲಿ ಬಂದವೇ. ಆದರೆ ಪತ್ರಿಕೆಯಲ್ಲಿ ಓದುವುದಕ್ಕೂ, ಯಾವ ಓರೆ ಗಣಿಯಾಗಬಹುದಿತ್ತೋ ಅದೇ ಓರೆಯ ಮೇಲೆ ಕುಳಿತು ಕೇಳುವುದಕ್ಕೂ ಬಹಳ ಅಂತರವಿದೆ. ಅಭಯಾರಣ್ಯವಾದ ಮೇಲೆ ಹಳ್ಳಿಯ ಜನರಿಗೆ ಆದ ತೊಂದರೆಯನ್ನೂ ಇವರು ಮುಚ್ಚಿಡುವುದಿಲ್ಲ: ಕುರಿ ಮೇಯಿಸುವ ಜಾಗ ಕಡಿಮೆಯಾಗಿದೆ, ಸೌದೆ ತರುವುದು ಕಷ್ಟವಾಗಿದೆ, ಚಿರತೆ ಬಂದರೆ ನಷ್ಟ ತುಂಬಿಸಿಕೊಳ್ಳಲು ಕಚೇರಿ ಅಲೆಯಬೇಕು. ಗುಡ್ಡ ಉಳಿಯಬೇಕೆಂದು ಹೋರಾಡಿದವರಲ್ಲಿ ಈ ಹಳ್ಳಿಗಳವರೂ ಇದ್ದರೆಂಬುದನ್ನು ನೆನೆದರೆ, ಗುಡ್ಡ ಉಳಿದದ್ದರಿಂದ ಬರುವ ಅಷ್ಟಿಷ್ಟು ವರಮಾನವಾದರೂ ಮೊದಲು ಇವರ ಕೈಗೆ ಸೇರಬೇಕಾದದ್ದು ನ್ಯಾಯ. ಈ ತಂಡವನ್ನು ನಾನು ಬೆಂಬಲಿಸಲು ಅದೂ ಒಂದು ಕಾರಣ.

ಊಟದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಚೆನ್ನಾಗಿತ್ತು. ಹಳ್ಳಿಯ ಮನೆಯಲ್ಲಿ ಮಾಡಿದ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮಡಿಕೆಕಾಳಿನ ಪಲ್ಯ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಬಟ್ಟೆಯಲ್ಲಿ ಸುತ್ತಿ ತಂದು ಸ್ಟೀಲ್ ತಟ್ಟೆಗಳಲ್ಲಿ ಬಡಿಸುತ್ತಾರೆ. ಉಂಡ ತಟ್ಟೆಗಳನ್ನು ಹಳ್ಳದ ನೀರಿನಲ್ಲಿ ತೊಳೆಯದೆ ಚೀಲಕ್ಕೆ ಹಾಕಿಕೊಂಡು ಊರಿಗೆ ಒಯ್ಯುತ್ತಾರೆ. ಪ್ಲಾಸ್ಟಿಕ್ ಬಾಟಲಿ ತರಬೇಡಿರಿ ಎಂದು ಮೊದಲೇ ತಿಳಿಸಿದ್ದರು; ತಂದವರ ಬಾಟಲಿಗಳನ್ನು ಎಣಿಸಿಕೊಂಡು, ಇಳಿದ ಮೇಲೆ ಮತ್ತೆ ಎಣಿಸಿದರು.

ಮಧ್ಯಾಹ್ನದ ನಂತರ ಗಾಳಿಗುಂಡಿಯ ಕಡೆಯ ದಿಣ್ಣೆಗೆ ಹೋಗುತ್ತೇವೆ. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತಗಿರಿ ನೋಡುವುದು ಲೇಸು ಎಂಬ ನಮ್ಮ ಕಡೆಯ ಮಾತು ಇಲ್ಲಿ ನಿಂತವರಿಗೆ ಉತ್ಪ್ರೇಕ್ಷೆ ಅನ್ನಿಸುವುದಿಲ್ಲ. ಮಳೆಗಾಲದ ಮೋಡ ಕಾಲಕೆಳಗೆ ಸರಿಯುತ್ತದೆ, ಗಾಳಿಗೆ ನಿಲ್ಲಲೂ ಕಷ್ಟ. ಆ ಗಾಳಿಯನ್ನು ನಂಬಿಯೇ ಗುಡ್ಡದ ಸಾಲುಗಳ ಮೇಲೆ ಗಾಳಿಯಂತ್ರಗಳು ಬಂದಿವೆ. ಹೊಗೆಯಿಲ್ಲದ ವಿದ್ಯುತ್ತು ಬೇಕು ಎಂಬುದರಲ್ಲಿ ನನಗೆ ತಕರಾರಿಲ್ಲ. ಆದರೆ ಒಂದೊಂದು ಯಂತ್ರದ ಬುಡದವರೆಗೂ ಲಾರಿ ಹೋಗಲೆಂದು ಕಡಿದ ರಸ್ತೆಗಳು ಗುಡ್ಡದ ನೆತ್ತಿಯನ್ನು ತುಂಡು ತುಂಡಾಗಿಸಿವೆ, ಮೋಜಿಗಾಗಿ ಬರುವ ವಾಹನಗಳಿಗೂ ಅವೇ ದಾರಿಯಾಗಿವೆ. ಈ ವಿಷಯವನ್ನು ಮಾರ್ಗದರ್ಶಿಗಳು ಮುಟ್ಟಿಯೂ ಮುಟ್ಟದಂತೆ ದಾಟಿಸಿದರು. ಇಷ್ಟೆಲ್ಲ ಬಿಚ್ಚಿ ಹೇಳುವವರು ಇದೊಂದನ್ನು ಬಿಟ್ಟದ್ದು ನನಗೆ ಸರಿ ಕಾಣಲಿಲ್ಲ.

ಇನ್ನು ಕೊರತೆಗಳು. ಮೊದಲನೆಯದು ಮತ್ತು ದೊಡ್ಡದು, ಹೆಣ್ಣುಮಕ್ಕಳಿಗೆ ಶೌಚದ ವ್ಯವಸ್ಥೆ. ಬುಡದಲ್ಲಿ ಒಂದು ಮನೆಯವರು ತಮ್ಮ ಶೌಚಾಲಯ ಬಿಟ್ಟುಕೊಡುತ್ತಾರೆ. ಅದರಾಚೆ ಇಳಿದು ಬರುವವರೆಗೆ ಏನೂ ಇಲ್ಲ. ಇದನ್ನು ಮೊದಲೇ ತಿಳಿಸುವುದಿಲ್ಲವಾದ್ದರಿಂದ ನಮ್ಮ ಮನೆಯ ಹೆಂಗಸರು ದಿನವಿಡೀ ನೀರು ಕುಡಿಯಲು ಹಿಂಜರಿದರು. ಬಿಸಿಲಿನಲ್ಲಿ ನಡೆಯುವಾಗ ಇದು ಅಪಾಯ. ಮಡಚುವ ಸಣ್ಣ ಗುಡಾರವೊಂದನ್ನು ಹೊತ್ತೊಯ್ಯುವುದು ಇವರಿಗೆ ಅಸಾಧ್ಯವೇನಲ್ಲ. ಎರಡನೆಯದಾಗಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಪಟ್ಟಿ, ಹತ್ತಿ, ಮುಲಾಮಿನ ಹೊರತು ಹೆಚ್ಚೇನೂ ಇರಲಿಲ್ಲ. ಹಾವು ಕಚ್ಚಿದರೆ ಏನು ಮಾಡಬೇಕು, ಯಾವ ಆಸ್ಪತ್ರೆಗೆ ಒಯ್ಯಬೇಕು, ವಾಹನ ಎಲ್ಲಿ ನಿಂತಿರುತ್ತದೆ ಎಂಬುದನ್ನು ಹೊರಡುವ ಮುನ್ನವೇ ಎಲ್ಲರಿಗೂ ಹೇಳಬೇಕು. ಗುಡ್ಡದ ಹಲವೆಡೆ ಮೊಬೈಲ್ ಸಿಗ್ನಲ್ ಸಿಗದಿರುವುದರಿಂದ ಇದನ್ನು ಕೇಳಿದವರಿಗಷ್ಟೇ ಹೇಳಿದರೆ ಸಾಲದು.

ಶುಲ್ಕ ಒಬ್ಬರಿಗೆ ಸಾವಿರ ರೂಪಾಯಿಯ ಒಳಗೆ. ಊಟ, ಪರವಾನಗಿ, ಮಾರ್ಗದರ್ಶನ ಎಲ್ಲ ಸೇರಿ ಇದು ದುಬಾರಿಯಲ್ಲ. ಆದರೆ ಅದರಲ್ಲಿ ಇಲಾಖೆಗೆ ಎಷ್ಟು, ಅಡುಗೆ ಮಾಡಿದ ಮನೆಗೆ ಎಷ್ಟು, ಮಾರ್ಗದರ್ಶಿಗೆ ಎಷ್ಟು ಎಂಬ ವಿವರವಿರುವ ರಸೀದಿ ಕೊಡುವುದಿಲ್ಲ. ಕೇಳಿದಾಗ ಬಾಯಲ್ಲಿ ಹೇಳಿದರು, ಆ ಲೆಕ್ಕ ನ್ಯಾಯವಾಗಿಯೇ ಇತ್ತು. ಬರೆದು ಕೊಟ್ಟರೆ ತಂಡದ ಮರ್ಯಾದೆ ಇನ್ನಷ್ಟು ಹೆಚ್ಚುತ್ತದೆ, ಹಣದ ಹಂಚಿಕೆಯಲ್ಲಿ ಮುಂದೆ ಮನಸ್ತಾಪಗಳೂ ಬರುವುದಿಲ್ಲ. ಹಕ್ಕಿಗಳ ವಿಷಯದಲ್ಲಿ ಕಿರಿಯ ಮಾರ್ಗದರ್ಶಿಗಳ ತಿಳಿವಳಿಕೆ ಇನ್ನೂ ಬೆಳೆಯಬೇಕು. ಹಿರಿಯರೊಬ್ಬರು ಬರದ ದಿನ ಚಾರಣ ಬಡವಾಗುತ್ತದೆಂದು ಹಿಂದೆ ಹೋಗಿಬಂದವರೂ ಹೇಳಿದ್ದಾರೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯದಂಥ ಸಂಸ್ಥೆ ಇಷ್ಟು ಹತ್ತಿರವಿರುವಾಗ ಈ ಹುಡುಗರಿಗೆ ತರಬೇತಿ ಸಿಗುವಂತಾಗಬೇಕು.

ಹೋಗುವವರಿಗೆ ಒಂದೆರಡು ಸೂಚನೆ. ಶ್ರಾವಣದಲ್ಲಿ ಕಪ್ಪತಮಲ್ಲೇಶ್ವರನ ದರ್ಶನಕ್ಕೆ ಭಕ್ತರು ಬರುವುದರಿಂದ ಹಾದಿಯಲ್ಲಿ ಗದ್ದಲವಿರುತ್ತದೆ. ನಿಶ್ಶಬ್ದ ಬೇಕೆನ್ನುವವರಿಗೆ ದಸರೆಯಿಂದ ಸಂಕ್ರಾಂತಿಯವರೆಗಿನ ಕಾಲ ಒಳ್ಳೆಯದು, ಹುಲ್ಲು ಆಗ ಹೊಂಬಣ್ಣಕ್ಕೆ ತಿರುಗಿರುತ್ತದೆ. ಮುಳ್ಳು ದಾಟದ ಗಟ್ಟಿ ಬೂಟು, ಉದ್ದ ತೋಳಿನ ಅಂಗಿ, ಒಬ್ಬರಿಗೆ ಮೂರು ಲೀಟರ್ ನೀರು ಬೇಕು. ಮಂಡಿನೋವಿನ ಹಿರಿಯರು ಅರ್ಧ ಹಾದಿಯವರೆಗೆ ಬಂದು ಒಬ್ಬ ಮಾರ್ಗದರ್ಶಿಯ ಜೊತೆ ಹಿಂತಿರುಗುವ ಅನುಕೂಲವಿದೆ, ನಮ್ಮ ತಂದೆಯವರು ಹಾಗೆಯೇ ಮಾಡಿದರು. ಹಿಂತಿರುಗುವಾಗ ಡಂಬಳದಲ್ಲಿ ಇಳಿದು, ನಕ್ಷತ್ರಾಕಾರದ ತಳವಿನ್ಯಾಸದ ಮೇಲೆ ಕಟ್ಟಿದ ಕಲ್ಯಾಣ ಚಾಲುಕ್ಯರ ಕಾಲದ ದೊಡ್ಡಬಸಪ್ಪ ಗುಡಿಯನ್ನು ನೋಡಲು ಒಂದು ತಾಸು ಇಟ್ಟುಕೊಳ್ಳಿ. ಶೌಚದ ವ್ಯವಸ್ಥೆಯನ್ನು ಸರಿಪಡಿಸುತ್ತೇವೆಂದು ತಂಡದವರು ನನಗೆ ಹೇಳಿದ್ದಾರೆ. ಕಾಯ್ದಿರಿಸುವಾಗ ನೀವೂ ಅದನ್ನು ಕೇಳಿ ಖಚಿತಪಡಿಸಿಕೊಳ್ಳಿ.